ಚಿಕ್ಕಬಳ್ಳಾಪುರ ಜಿಲ್ಲೆಯ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಉದ್ಯೋಗಾವಕಾಶಗಳು: ಅಭ್ಯರ್ಥಿಗಳಿಗೆ ಮಾಹಿತಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಹಾಗೂ ಗ್ರಾಮಾಂತರ ಆರೋಗ್ಯ ಕೇಂದ್ರಗಳಲ್ಲಿ ಉದ್ಯೋಗ ಬಯಸುವ ಅಭ್ಯರ್ಥಿಗಳ ಉಪಯೋಗಕ್ಕಾಗಿ ಈ ಕೆಳಗಿನ ವಿವರಗಳನ್ನು ನೀಡಲಾಗಿದೆ. ಹುದ್ದೆಗಳ ಸ್ವರೂಪ, ಪ್ರತಿ ಹುದ್ದೆಗೆ ಬೇಕಾದ ವಿದ್ಯಾರ್ಹತೆ, ನೇಮಕಾತಿ ಪ್ರಾಧಿಕಾರ, ಅರ್ಜಿಯೊಡನೆ ಇರಬೇಕಾದ ಪ್ರಮಾಣಪತ್ರಗಳು ಹಾಗೂ ಕಾಯಂ ಹುದ್ದೆಗೂ ಗುತ್ತಿಗೆ ಹುದ್ದೆಗೂ ಇರುವ ವ್ಯತ್ಯಾಸವನ್ನು ಇಲ್ಲಿ ವಿವರಿಸಲಾಗಿದೆ. ವಿದ್ಯಾರ್ಹತೆ ಇದ್ದೂ ಅವಕಾಶ ಕಳೆದುಕೊಳ್ಳುವ ಅಭ್ಯರ್ಥಿಗಳು ಸಾಮಾನ್ಯವಾಗಿ ಎಡವುವುದು ಎರಡು ಕಡೆ: ಒಂದು, ಕೊನೆಯ ದಿನಾಂಕದೊಳಗೆ ನೋಂದಣಿ ಅಥವಾ ಪ್ರಮಾಣಪತ್ರ ಕೈಯಲ್ಲಿ ಇಲ್ಲದಿರುವುದು; ಇನ್ನೊಂದು, ಹುದ್ದೆಯನ್ನು ನೀಡುತ್ತಿರುವವರು ಯಾರೆಂಬುದನ್ನು ಗಮನಿಸದೆ ಅರ್ಜಿ ಹಾಕುವುದು. ಆದ್ದರಿಂದ ಈ ಎರಡು ವಿಷಯಗಳಿಗೆ ಹೆಚ್ಚಿನ ಸ್ಥಳ ಮೀಸಲಿಡಲಾಗಿದೆ.

ಜಿಲ್ಲೆಯ ಆರೋಗ್ಯ ವ್ಯವಸ್ಥೆ

ಚಿಕ್ಕಬಳ್ಳಾಪುರವು ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 12,55,104. ಇವರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚಿನವರು ಗ್ರಾಮವಾಸಿಗಳು. ಸರ್ಕಾರಿ ಆರೋಗ್ಯ ಸೇವೆಯ ಹುದ್ದೆಗಳ ಪೈಕಿ ದೊಡ್ಡ ಭಾಗ ಹಳ್ಳಿಗಳ ಮಟ್ಟದಲ್ಲಿಯೇ ಇರುವುದಕ್ಕೆ ಇದೇ ಕಾರಣ. ಪಟ್ಟಣದ ಆಸ್ಪತ್ರೆಯನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಈ ಸೇವೆಗೆ ಬರುವವರಿಗೆ ಮೊದಲ ನೇಮಕಾತಿ ಆದೇಶವೇ ಆಶ್ಚರ್ಯ ತರಬಹುದು.

ರಾಷ್ಟ್ರೀಯ ಮಾನದಂಡದ ಪ್ರಕಾರ ಬಯಲು ಪ್ರದೇಶದಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರ, 30,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನಸಂಖ್ಯೆಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರತಕ್ಕದ್ದು. ಗುಡ್ಡಗಾಡು ಪ್ರದೇಶಗಳಿಗೆ ಈ ಸಂಖ್ಯೆಗಳನ್ನು ಕ್ರಮವಾಗಿ 3,000, 20,000 ಹಾಗೂ 80,000ಕ್ಕೆ ಇಳಿಸಲಾಗಿದೆ. ಇವುಗಳ ಮೇಲೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ತಾಲ್ಲೂಕು ಕೇಂದ್ರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳೂ ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಆಸ್ಪತ್ರೆಯೂ ಇವೆ. ಆಡಳಿತದ ದೃಷ್ಟಿಯಿಂದ ತಾಲ್ಲೂಕಿಗೆ ತಾಲ್ಲೂಕು ಆರೋಗ್ಯಾಧಿಕಾರಿಯವರೂ ಜಿಲ್ಲೆಗೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಯವರೂ ಮುಖ್ಯಸ್ಥರಾಗಿರುತ್ತಾರೆ.

ಜಿಲ್ಲೆಯಲ್ಲಿ 2021ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ವೈದ್ಯಕೀಯ ಶಿಕ್ಷಣ ಇಲಾಖೆಗೆ ಒಳಪಟ್ಟ ಸ್ವಾಯತ್ತ ಸಂಸ್ಥೆಯಾಗಿದ್ದು, ಅದರ ಹುದ್ದೆಗಳು ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳ ಹುದ್ದೆಗಳಲ್ಲ. ಕಾಲೇಜಿನ ಬೋಧಕ, ಶುಶ್ರೂಷಾ ಮತ್ತು ತಾಂತ್ರಿಕ ಹುದ್ದೆಗಳಿಗೆ ಸಂಸ್ಥೆಯೇ ಪ್ರತ್ಯೇಕ ಪ್ರಕಟಣೆ ಹೊರಡಿಸುತ್ತದೆ. ಒಂದು ಕಡೆ ಸಲ್ಲಿಸಿದ ಅರ್ಜಿ ಇನ್ನೊಂದು ಕಡೆಗೆ ಅನ್ವಯಿಸುವುದಿಲ್ಲ.

ಹುದ್ದೆಗಳು ಮತ್ತು ವಿದ್ಯಾರ್ಹತೆ

ವೈದ್ಯಾಧಿಕಾರಿ: ಎಂಬಿಬಿಎಸ್ ಪದವಿಯೊಡನೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಇರತಕ್ಕದ್ದು. ತಜ್ಞ ವೈದ್ಯರ ಹುದ್ದೆಗಳಿಗೆ ಆಯಾ ವಿಷಯದಲ್ಲಿ ಸ್ನಾತಕೋತ್ತರ ಪದವಿ ಅಥವಾ ಡಿಪ್ಲೊಮಾ ಅವಶ್ಯಕ. ವೈದ್ಯಕೀಯ ಕೋರ್ಸು ಮುಗಿಸಿದವರ ಕಡ್ಡಾಯ ಸೇವೆಗೆ ಸಂಬಂಧಿಸಿದಂತೆ ರಾಜ್ಯದಲ್ಲಿ 2012ರ ಅಧಿನಿಯಮವಿದೆ. 2023ರ ತಿದ್ದುಪಡಿಯ ನಂತರ ಈ ಸೇವೆಗೆ ಖಾಲಿ ಹುದ್ದೆಗಳ ಅಗತ್ಯಕ್ಕೆ ತಕ್ಕಂತೆ ಅಭ್ಯರ್ಥಿಗಳನ್ನು ನಿಯೋಜಿಸಲಾಗುತ್ತದೆ. ಹೀಗೆ ಮಾಡಿದ ಒಂದು ವರ್ಷದ ಸೇವೆಯು ಕಾಯಂ ನೇಮಕಾತಿಯಲ್ಲ. ಕಾಯಂ ಸೇವೆಗೆ ಸೇರಿದ ವೈದ್ಯರಿಗೆ ಸ್ನಾತಕೋತ್ತರ ವ್ಯಾಸಂಗದಲ್ಲಿ ಸೇವಾನಿರತರ ಕೋಟಾದಡಿ ಅವಕಾಶವಿರುವುದು ಗ್ರಾಮಾಂತರ ಸೇವೆಯ ಒಂದು ಮುಖ್ಯ ಆಕರ್ಷಣೆ.

ಶುಶ್ರೂಷಾಧಿಕಾರಿ: ಹಿಂದೆ ಸ್ಟಾಫ್ ನರ್ಸ್ ಎಂದು ಕರೆಯಲಾಗುತ್ತಿದ್ದ ಹುದ್ದೆ ಇದು. ಮೂರು ವರ್ಷಗಳ ಜಿಎನ್‌ಎಂ ಡಿಪ್ಲೊಮಾ ಅಥವಾ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪದವಿಯ ಜೊತೆಗೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಬೇಕು. ಈ ಹುದ್ದೆಗೆ ಪುರುಷರೂ ಅರ್ಜಿ ಸಲ್ಲಿಸಬಹುದು.

ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ: ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂಬುದು ಇದರ ಹಿಂದಿನ ಹೆಸರು. ಹಳ್ಳಿಗಳಲ್ಲಿ ಇಂದಿಗೂ ‘ಎಎನ್‌ಎಂ ಸಿಸ್ಟರ್’ ಎಂದೇ ಕರೆಯುತ್ತಾರೆ. ಉಪಕೇಂದ್ರದ ಆಧಾರ ಈ ಹುದ್ದೆ. ಗರ್ಭಿಣಿಯರ ನೋಂದಣಿ, ತಾಯಿ ಕಾರ್ಡಿನ ನಿರ್ವಹಣೆ, ಮಕ್ಕಳ ಲಸಿಕೆ, ಬಾಣಂತಿಯರ ಮನೆ ಭೇಟಿ ಇವರ ದೈನಂದಿನ ಕೆಲಸ. ಎಎನ್‌ಎಂ ತರಬೇತಿ ಮತ್ತು ಶುಶ್ರೂಷಾ ಪರಿಷತ್ತಿನ ನೋಂದಣಿ ಕಡ್ಡಾಯ.

ಆರೋಗ್ಯ ನಿರೀಕ್ಷಣಾಧಿಕಾರಿ: ಹಿಂದಿನ ಕಿರಿಯ ಪುರುಷ ಆರೋಗ್ಯ ಸಹಾಯಕ ಹುದ್ದೆ. ಆರೋಗ್ಯ ನಿರೀಕ್ಷಕರ ಡಿಪ್ಲೊಮಾ ಪಡೆದವರಿಗೆ ಇದು ಮುಖ್ಯ ಅವಕಾಶ. ನೀರಿನ ಮಾದರಿ ಸಂಗ್ರಹ, ಜ್ವರ ಸಮೀಕ್ಷೆ, ರಕ್ತಲೇಪನ, ಲಾರ್ವಾ ನಾಶ ಇವರ ಹೊಣೆ.

ಪ್ರಯೋಗಶಾಲಾ ತಂತ್ರಜ್ಞರು, ಎಕ್ಸ್‌ರೇ ತಂತ್ರಜ್ಞರು, ನೇತ್ರಾಧಿಕಾರಿಗಳು, ಶಸ್ತ್ರಚಿಕಿತ್ಸಾ ಕೊಠಡಿ ತಂತ್ರಜ್ಞರು ಮತ್ತು ಡಯಾಲಿಸಿಸ್ ತಂತ್ರಜ್ಞರ ಹುದ್ದೆಗಳಿಗೆ ಅರೆವೈದ್ಯಕೀಯ ಮಂಡಳಿಯ ಡಿಪ್ಲೊಮಾ ಅಥವಾ ಅಧಿಸೂಚನೆಯಲ್ಲಿ ಸೂಚಿಸಿದ ಪದವಿ ಬೇಕು. ಮಂಡಳಿಯ ಡಿಪ್ಲೊಮಾಗಳ ಅವಧಿ ಎಸ್‌ಎಸ್‌ಎಲ್‌ಸಿ ಆಧಾರದ ಮೇಲೆ ಸೇರಿದವರಿಗೆ ಮೂರು ವರ್ಷ, ವಿಜ್ಞಾನದ ಪಿಯುಸಿ ಆಧಾರದ ಮೇಲೆ ಸೇರಿದವರಿಗೆ ಎರಡು ವರ್ಷ. ಕೋರ್ಸಿಗೆ ಸೇರುವ ಮೊದಲೇ ಆ ಸಂಸ್ಥೆಗೆ ಮಂಡಳಿಯ ಮಾನ್ಯತೆ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಮಾನ್ಯತೆ ಇಲ್ಲದ ‘ತರಬೇತಿ ಕೇಂದ್ರ’ಗಳು ಕೊಡುವ ಆರು ತಿಂಗಳ, ಒಂದು ವರ್ಷದ ಪ್ರಮಾಣಪತ್ರಗಳಿಂದ ಸರ್ಕಾರಿ ನೇಮಕಾತಿಯಲ್ಲಿ ಯಾವ ಪ್ರಯೋಜನವೂ ಇಲ್ಲ. ಸಾಲ ಮಾಡಿ ಶುಲ್ಕ ಕಟ್ಟಿದ ಕುಟುಂಬಕ್ಕೆ ಈ ವಿಷಯ ತಿಳಿಯುವುದು ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಎಂಬುದು ವಿಷಾದದ ಸಂಗತಿ.

ಫಾರ್ಮಸಿ ಅಧಿಕಾರಿ ಹುದ್ದೆಗೆ ಡಿ.ಫಾರ್ಮ ಅಥವಾ ಬಿ.ಫಾರ್ಮ ಮತ್ತು ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನ ನೋಂದಣಿ ಅವಶ್ಯಕ. ದಂತ ಆರೋಗ್ಯಾಧಿಕಾರಿ, ಆಯುಷ್ ವೈದ್ಯರು, ಆಪ್ತಸಮಾಲೋಚಕರು, ಲೆಕ್ಕಪತ್ರ ಹಾಗೂ ದತ್ತಾಂಶ ನಮೂದು ಸಿಬ್ಬಂದಿ ಮುಂತಾದ ಹುದ್ದೆಗಳೂ ಇವೆ; ಇವುಗಳ ಸಂಖ್ಯೆ ಕಡಿಮೆ.

ಕ್ಷೇತ್ರ ಕೆಲಸದ ಸ್ವರೂಪ: ತಲಕಾಯಲಬೆಟ್ಟದ ಉದಾಹರಣೆ

ಹುದ್ದೆಯ ಹೆಸರಿನಿಂದ ಕೆಲಸದ ಸ್ವರೂಪ ತಿಳಿಯುವುದಿಲ್ಲ. 2023ರ ಆಗಸ್ಟ್ ತಿಂಗಳಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಸಂಗ್ರಹಿಸಿದ ಸೊಳ್ಳೆಗಳ ಮಾದರಿಯಲ್ಲಿ ಝೀಕಾ ವೈರಾಣು ಇರುವುದು ಅಕ್ಟೋಬರ್ ಅಂತ್ಯದ ವೇಳೆಗೆ ದೃಢಪಟ್ಟಿತು. ಸುತ್ತಲಿನ ಐದು ಕಿಲೋಮೀಟರ್ ವ್ಯಾಪ್ತಿಯ ಗ್ರಾಮಗಳಲ್ಲಿ ಜ್ವರ ಪೀಡಿತರನ್ನು ಗುರುತಿಸುವ ಹಾಗೂ ಗರ್ಭಿಣಿಯರ ರಕ್ತದ ಮಾದರಿಗಳನ್ನು ಪರೀಕ್ಷೆಗೆ ಕಳುಹಿಸುವ ಕಾರ್ಯ ಕೈಗೊಳ್ಳಲಾಯಿತು. ಝೀಕಾ ಸೋಂಕು ಗರ್ಭದಲ್ಲಿರುವ ಶಿಶುವಿನ ಮೆದುಳಿನ ಬೆಳವಣಿಗೆಗೆ ಧಕ್ಕೆ ತರಬಲ್ಲದಾದ್ದರಿಂದ ಗರ್ಭಿಣಿಯರ ಪಟ್ಟಿ ಎಲ್ಲಕ್ಕಿಂತ ಮೊದಲು ಬೇಕಾಗುತ್ತದೆ.

ಇಂತಹ ಸಂದರ್ಭದಲ್ಲಿ ಯಾವ ಮನೆಯಲ್ಲಿ ಗರ್ಭಿಣಿಯಿದ್ದಾರೆ, ಎಷ್ಟನೆಯ ತಿಂಗಳು ಎಂಬುದನ್ನು ಹೇಳಬಲ್ಲವರು ಆ ಊರಿನ ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ತೊಟ್ಟಿ, ಡ್ರಮ್ಮು, ಒಡೆದ ಮಡಕೆ, ತೆಂಗಿನ ಚಿಪ್ಪುಗಳಲ್ಲಿ ನಿಂತ ನೀರನ್ನು ಮನೆಮನೆಗೆ ಹೋಗಿ ನೋಡುವುದು ಆರೋಗ್ಯ ನಿರೀಕ್ಷಣಾಧಿಕಾರಿಯ ಕೆಲಸ. ಡೆಂಗಿ ಮತ್ತು ಝೀಕಾ ಹರಡುವ ಈಡಿಸ್ ಸೊಳ್ಳೆ ಶುದ್ಧ ನೀರಿನಲ್ಲೇ ಬೆಳೆಯುವುದರಿಂದ, ಬೇಸಿಗೆಯಲ್ಲಿ ನೀರು ಕೂಡಿಡುವ ಅಭ್ಯಾಸವಿರುವ ಈ ಬಯಲುಸೀಮೆಯಲ್ಲಿ ಆ ಕೆಲಸ ವರ್ಷವಿಡೀ ಮುಗಿಯುವುದಿಲ್ಲ. ರಕ್ತ ತೆಗೆದು, ಸರಿಯಾದ ಉಷ್ಣಾಂಶದಲ್ಲಿ ಮಾದರಿಯನ್ನು ಕಾಪಾಡಿ, ಗುರುತಿನ ಚೀಟಿ ತಪ್ಪದಂತೆ ಕಳುಹಿಸುವ ಹೊಣೆ ಪ್ರಯೋಗಶಾಲಾ ತಂತ್ರಜ್ಞರದು. ವೈದ್ಯಾಧಿಕಾರಿಯು ಜ್ವರದ ಪ್ರಕರಣಗಳನ್ನು ಪರೀಕ್ಷಿಸುವುದರ ಜೊತೆಗೆ ಗಾಬರಿಗೊಂಡ ಊರಿನವರಿಗೆ ಸಮಾಧಾನವನ್ನೂ ಹೇಳಬೇಕಾಗುತ್ತದೆ. ಸೊಳ್ಳೆ ಮಾದರಿಯ ಒಂದು ಫಲಿತಾಂಶದ ಹಿಂದೆ ಇಷ್ಟು ಹುದ್ದೆಗಳು ಕೆಲಸ ಮಾಡುತ್ತವೆ.

ತಾಲ್ಲೂಕಿನಿಂದ ತಾಲ್ಲೂಕಿಗೆ ಕೆಲಸದ ಒತ್ತು ಬದಲಾಗುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕಾರ್ಮಿಕರ ಉಸಿರಾಟದ ತೊಂದರೆ ಹಾಗೂ ಸದಾ ಬಿಸಿನೀರಿನಲ್ಲಿರುವ ಕೈಗಳ ಚರ್ಮದ ಸಮಸ್ಯೆ ಹೊರರೋಗಿ ವಿಭಾಗಕ್ಕೆ ಬರುತ್ತವೆ. ಗೌರಿಬಿದನೂರು ಆಂಧ್ರಪ್ರದೇಶದ ಹಿಂದೂಪುರಕ್ಕೆ ಹತ್ತಿರವಿದೆ; ಚಿಂತಾಮಣಿಯು ಮದನಪಲ್ಲಿ ಕಡೆಯ ಮಾರ್ಗದಲ್ಲಿದೆ. ಗಡಿ ಭಾಗದ ಅನೇಕ ಗ್ರಾಮಗಳಲ್ಲಿ ಮನೆಮಾತು ತೆಲುಗು. ಶಿಡ್ಲಘಟ್ಟ, ಚಿಂತಾಮಣಿ ಪಟ್ಟಣಗಳಲ್ಲಿ ಉರ್ದು ಮಾತನಾಡುವವರೂ ಗಣನೀಯವಾಗಿದ್ದಾರೆ. ಕಡತದ ಭಾಷೆ ಕನ್ನಡ. ರೋಗಿಯ ಭಾಷೆ ಇವುಗಳಲ್ಲಿ ಯಾವುದೂ ಆಗಿರಬಹುದು. ಎರಡು ಮೂರು ಭಾಷೆ ಬಲ್ಲ ಸ್ಥಳೀಯ ಅಭ್ಯರ್ಥಿಗೆ ಅಂಕಪಟ್ಟಿಯಲ್ಲಿ ಇದಕ್ಕಾಗಿ ಹೆಚ್ಚಿನ ಅಂಕವಿಲ್ಲವಾದರೂ, ಕೆಲಸದಲ್ಲಿ ಇದರ ಬೆಲೆ ದೊಡ್ಡದು. ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವ ಗ್ರಾಮಗಳು ಜಿಲ್ಲೆಯಲ್ಲಿರುವುದರಿಂದ ಹಲ್ಲು ಮತ್ತು ಮೂಳೆಗಳ ಫ್ಲೋರೋಸಿಸ್ ಪತ್ತೆಯೂ ಕ್ಷೇತ್ರ ಸಿಬ್ಬಂದಿಯ ಕಾರ್ಯದಲ್ಲಿ ಸೇರಿದೆ.

ನಾಲ್ಕು ಬಗೆಯ ನೇಮಕಾತಿ

ಒಂದೇ ಆಸ್ಪತ್ರೆಯಲ್ಲಿ, ಒಂದೇ ಸಮವಸ್ತ್ರದಲ್ಲಿ, ಒಂದೇ ಪಾಳಿಯಲ್ಲಿ ಕೆಲಸ ಮಾಡುವ ಇಬ್ಬರು ಶುಶ್ರೂಷಕಿಯರಲ್ಲಿ ಒಬ್ಬರು ಸರ್ಕಾರಿ ನೌಕರರೂ ಇನ್ನೊಬ್ಬರು ಗುತ್ತಿಗೆ ಸಿಬ್ಬಂದಿಯೂ ಆಗಿರಬಹುದು. ರೋಗಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಅಭ್ಯರ್ಥಿಗೆ ಮಾತ್ರ ಅರ್ಜಿ ಸಲ್ಲಿಸುವ ಮೊದಲೇ ಇದು ಸ್ಪಷ್ಟವಾಗಿರಬೇಕು.

ಕಾಯಂ ಹುದ್ದೆಗಳು. ಇವುಗಳನ್ನು ವೃಂದ ಮತ್ತು ನೇಮಕಾತಿ ನಿಯಮಗಳಂತೆ ರಾಜ್ಯಮಟ್ಟದ ಅಧಿಸೂಚನೆಯ ಮೂಲಕ ಭರ್ತಿ ಮಾಡಲಾಗುತ್ತದೆ. ನೇಮಕಾತಿ ಪ್ರಾಧಿಕಾರವು ಕರ್ನಾಟಕ ಲೋಕಸೇವಾ ಆಯೋಗ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅಥವಾ ಇಲಾಖೆಯ ವಿಶೇಷ ನೇಮಕಾತಿ ಸಮಿತಿ ಆಗಿರಬಹುದು. ಆಯ್ಕೆ ಸ್ಪರ್ಧಾತ್ಮಕ ಪರೀಕ್ಷೆಯಿಂದಲೋ ಅರ್ಹತಾ ಪರೀಕ್ಷೆಯ ಅಂಕಗಳ ಆಧಾರದಿಂದಲೋ ಎಂಬುದನ್ನು ಅಧಿಸೂಚನೆಯಲ್ಲಿಯೇ ತಿಳಿಸಲಾಗಿರುತ್ತದೆ. ಆಯ್ಕೆಯಾದವರು ಕನಿಷ್ಠ ಎರಡು ವರ್ಷ ಪರೀಕ್ಷಾರ್ಥ ಅವಧಿಯಲ್ಲಿರುತ್ತಾರೆ. 2006ರ ಏಪ್ರಿಲ್ 1ರಂದು ಅಥವಾ ಆನಂತರ ರಾಜ್ಯ ಸೇವೆಗೆ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಒಳಪಡುತ್ತಾರೆ. ವರ್ಗಾವಣೆಗಳು 2011ರ ವರ್ಗಾವಣೆ ನಿಯಂತ್ರಣ ಅಧಿನಿಯಮದಂತೆ ಕೌನ್ಸೆಲಿಂಗ್ ಮೂಲಕ ನಡೆಯುತ್ತವೆ. ರಾಜ್ಯಮಟ್ಟದ ನೇಮಕಾತಿಯಲ್ಲಿ ಆಯ್ಕೆಯಾದ ಚಿಂತಾಮಣಿಯ ಅಭ್ಯರ್ಥಿಗೆ ಚಿಂತಾಮಣಿಯೇ ಸಿಗುವುದೆಂಬ ಭರವಸೆ ಇಲ್ಲ.

ಇದೇ ಸಂದರ್ಭದಲ್ಲಿ ಒಂದು ಸೂಚನೆ: ಸಂವಿಧಾನದ 371ಜೆ ವಿಧಿಯ ಸ್ಥಳೀಯ ವೃಂದದ ಸೌಲಭ್ಯವು ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಅಭ್ಯರ್ಥಿಗಳಿಗೆ ಸಂಬಂಧಿಸಿದ್ದು. ಚಿಕ್ಕಬಳ್ಳಾಪುರ ಜಿಲ್ಲೆಯ ಅಭ್ಯರ್ಥಿಗಳು ‘ಉಳಿಕೆ ಮೂಲ ವೃಂದ’ದ ಅಧಿಸೂಚನೆಯನ್ನು ನೋಡತಕ್ಕದ್ದು.

ಗುತ್ತಿಗೆ ಹುದ್ದೆಗಳು. 2005ರ ಏಪ್ರಿಲ್ 12ರಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾಯಿತು. 2013ರಲ್ಲಿ ನಗರ ಆರೋಗ್ಯ ಅಭಿಯಾನವೂ ಸೇರಿ ಇದು ರಾಷ್ಟ್ರೀಯ ಆರೋಗ್ಯ ಅಭಿಯಾನವಾಯಿತು. ಇದರ ಹುದ್ದೆಗಳಲ್ಲಿ ಹೆಚ್ಚಿನವನ್ನು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘದ ಮೂಲಕ ಗುತ್ತಿಗೆ ಆಧಾರದ ಮೇಲೆ ತುಂಬಲಾಗುತ್ತದೆ. ಪ್ರಕಟಣೆ ಜಿಲ್ಲಾಮಟ್ಟದಲ್ಲಿ ಹೊರಡುತ್ತದೆ. ಹಲವು ವೇಳೆ ನೇರ ಸಂದರ್ಶನದ ದಿನಾಂಕವನ್ನು ಕೆಲವೇ ದಿನ ಮುಂಚಿತವಾಗಿ ತಿಳಿಸಲಾಗುತ್ತದೆ. ಆದ್ದರಿಂದ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯ ಸೂಚನಾ ಫಲಕ ಹಾಗೂ ಜಿಲ್ಲಾಡಳಿತದ ಜಾಲತಾಣವನ್ನು ನಿಯತವಾಗಿ ಗಮನಿಸುವುದು ಒಳಿತು. ಗುತ್ತಿಗೆ ಸಾಮಾನ್ಯವಾಗಿ ಆರ್ಥಿಕ ವರ್ಷಾಂತ್ಯದ ಮಾರ್ಚ್ 31ರವರೆಗೆ ಇದ್ದು, ಕಾರ್ಯಕ್ರಮದ ಅನುಮೋದನೆ ಮತ್ತು ಕಾರ್ಯನಿರ್ವಹಣೆಯನ್ನು ಆಧರಿಸಿ ನವೀಕರಣಗೊಳ್ಳುತ್ತದೆ.

ಸಮುದಾಯ ಆರೋಗ್ಯ ಅಧಿಕಾರಿಗಳ ಹುದ್ದೆ ಈ ಪೈಕಿ ಪ್ರಮುಖವಾದುದು. 2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಯಡಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸುವ ಕಾರ್ಯ ಆರಂಭವಾಯಿತು. 2023ರಲ್ಲಿ ಅವುಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರಾಯಿತು. ಸಮುದಾಯ ಆರೋಗ್ಯದ ತರಬೇತಿ ಪಡೆದ ನರ್ಸಿಂಗ್ ಪದವೀಧರರು ಇಲ್ಲಿ ರಕ್ತದೊತ್ತಡ, ಮಧುಮೇಹ ಮುಂತಾದವುಗಳ ತಪಾಸಣೆ ಮತ್ತು ಔಷಧ ವಿತರಣೆಯನ್ನು ಹಳ್ಳಿಯಲ್ಲಿಯೇ ನಡೆಸುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳಲ್ಲಿ ಆಯುಷ್ ವೈದ್ಯರು, ಶುಶ್ರೂಷಾ ಸಿಬ್ಬಂದಿ ಮತ್ತು ಫಾರ್ಮಸಿಸ್ಟ್‌ಗಳಿಗೆ ಅವಕಾಶವಿದೆ; ಇವರ ಕೆಲಸ ಅಂಗನವಾಡಿ ಮತ್ತು ಶಾಲೆಗಳಲ್ಲಿ. ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದ ಹಿರಿಯ ಚಿಕಿತ್ಸಾ ಮೇಲ್ವಿಚಾರಕರ ಹುದ್ದೆಗೆ ಪದವಿಯಷ್ಟೇ ಮುಖ್ಯವಾಗಿ ದ್ವಿಚಕ್ರ ವಾಹನದ ಚಾಲನಾ ಪರವಾನಗಿಯನ್ನೂ ಕೇಳಲಾಗುತ್ತದೆ. ಮಾತ್ರೆ ನಿಲ್ಲಿಸಿದ ರೋಗಿಯನ್ನು ಹುಡುಕಿಕೊಂಡು ಹೋಗಬೇಕಾದವರು ಅವರೇ ಆದ್ದರಿಂದ ಇದು ಸಹಜ. 2022ರ ಡಿಸೆಂಬರ್‌ನಿಂದ ರಾಜ್ಯದ ನಗರ ಪ್ರದೇಶಗಳಲ್ಲಿ ಆರಂಭವಾದ ‘ನಮ್ಮ ಕ್ಲಿನಿಕ್’ಗಳಲ್ಲಿಯೂ ವೈದ್ಯರು, ಶುಶ್ರೂಷಕರು ಮತ್ತು ಪ್ರಯೋಗಶಾಲಾ ತಂತ್ರಜ್ಞರಿಗೆ ಕೆಲಸವಿದೆ.

ಗುತ್ತಿಗೆ ಸೇವೆ ಎಷ್ಟು ವರ್ಷ ಮುಂದುವರಿದರೂ ಅದರಿಂದಲೇ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ. ಕರ್ನಾಟಕ ಸರ್ಕಾರದ ಕಾರ್ಯದರ್ಶಿ ಮತ್ತು ಉಮಾದೇವಿ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2006ರ ಏಪ್ರಿಲ್ 10ರಂದು ನೀಡಿದ ತೀರ್ಪು ಈ ವಿಷಯದಲ್ಲಿ ದೇಶಕ್ಕೇ ಮಾರ್ಗದರ್ಶಿಯಾಗಿದೆ. ನಿಯಮಬದ್ಧ ಸ್ಪರ್ಧೆಯ ಮೂಲಕ ನೇಮಕಗೊಳ್ಳದ ತಾತ್ಕಾಲಿಕ ಅಥವಾ ಗುತ್ತಿಗೆ ನೌಕರರು ಸೇವೆಯ ಅವಧಿಯೊಂದನ್ನೇ ಆಧರಿಸಿ ಸಕ್ರಮಗೊಳಿಸುವಂತೆ ಕೇಳಲಾಗದು ಎಂಬುದು ಅದರ ಸಾರ. ಹಾಗೆಂದು ಗುತ್ತಿಗೆ ಸೇವೆಯನ್ನು ಕಡೆಗಣಿಸಬೇಕಾಗಿಲ್ಲ; ಅನುಭವ, ತರಬೇತಿ ಮತ್ತು ನಿಯಮಿತ ವೇತನ ಅದರಿಂದ ದೊರೆಯುತ್ತವೆ. ಕೆಲವು ಅಧಿಸೂಚನೆಗಳಲ್ಲಿ ಇಂತಹ ಅನುಭವಕ್ಕೆ ಕೃಪಾಂಕ ಅಥವಾ ವಯೋಮಿತಿ ಸಡಿಲಿಕೆ ಇರುತ್ತದೆ. ಆದ್ದರಿಂದ ಪ್ರತಿ ವರ್ಷದ ಅನುಭವ ಪ್ರಮಾಣಪತ್ರವನ್ನು ಆಗಿಂದಾಗಲೇ ಪಡೆದಿಟ್ಟುಕೊಳ್ಳತಕ್ಕದ್ದು. ಮೂವತ್ತೈದರ ಆಸುಪಾಸಿನಲ್ಲಿರುವ ಗುತ್ತಿಗೆ ನೌಕರರು ಕಾಯಂ ಅಧಿಸೂಚನೆ ಬಂದಾಗ ‘ಹೇಗೂ ಇಲ್ಲಿಯೇ ಖಾಯಂ ಮಾಡುತ್ತಾರೆ’ ಎಂಬ ನಂಬಿಕೆಯಿಂದ ಅರ್ಜಿ ಹಾಕದೆ ಉಳಿಯುವುದು ಅತ್ಯಂತ ಹಾನಿಕರ. ವಯೋಮಿತಿ ಮೀರಿದ ಮೇಲೆ ಅದಕ್ಕೆ ಪರಿಹಾರವಿಲ್ಲ.

ಹೊರಗುತ್ತಿಗೆ. ಸ್ವಚ್ಛತೆ, ಕಾವಲು, ವಾಹನ ಚಾಲನೆ, ಅನೇಕ ಕಡೆ ಗ್ರೂಪ್ ಡಿ ಕೆಲಸಗಳನ್ನು ಏಜೆನ್ಸಿಗಳ ಮೂಲಕ ನಿರ್ವಹಿಸಲಾಗುತ್ತದೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾದ 108 ಆರೋಗ್ಯ ಕವಚ ಆಂಬುಲೆನ್ಸ್‌ಗಳ ತುರ್ತು ವೈದ್ಯಕೀಯ ತಂತ್ರಜ್ಞರು ಮತ್ತು ಚಾಲಕರು ಕೂಡ ನಿರ್ವಹಣಾ ಸಂಸ್ಥೆಯ ನೌಕರರು. (ಈ ಸೇವೆಯಲ್ಲಿ ಚಾಲಕರನ್ನು ‘ಪೈಲಟ್’ ಎಂದು ಕರೆಯುವುದರಿಂದ ಪ್ರಕಟಣೆ ಓದುವವರು ಗೊಂದಲಕ್ಕೊಳಗಾಗಬಾರದು.) ಇಲ್ಲಿ ಉದ್ಯೋಗದಾತರು ಏಜೆನ್ಸಿಯೇ ಹೊರತು ಇಲಾಖೆಯಲ್ಲ. ಹಾಗಾಗಿ ನೇಮಕಾತಿ ಪತ್ರ, ವೇತನ ಚೀಟಿ, ಭವಿಷ್ಯನಿಧಿಯ ಯುಎಎನ್ ಸಂಖ್ಯೆ ಹಾಗೂ ಮಾಸಿಕ ವೇತನ 21,000 ರೂ. ಮೀರದವರು ಇಎಸ್‌ಐ ಸಂಖ್ಯೆಯನ್ನು ಮೊದಲ ತಿಂಗಳಲ್ಲಿಯೇ ಕೇಳಿ ಪಡೆಯಬೇಕು. ವೇತನದಿಂದ ಕಡಿತವಾದ ಭವಿಷ್ಯನಿಧಿ ಹಣ ಖಾತೆಗೆ ಜಮೆಯಾಗಿದೆಯೇ ಎಂಬುದನ್ನು ನೌಕರರು ತಮ್ಮ ದೂರವಾಣಿಯಲ್ಲಿಯೇ ನೋಡಿಕೊಳ್ಳಬಹುದು.

ಆಶಾ ಕಾರ್ಯಕರ್ತೆ. ಇದು ನೌಕರಿಯಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ ಸಹಿತವಾದ ಸಮುದಾಯ ಸೇವೆ. ಸಾಮಾನ್ಯವಾಗಿ 1,000 ಜನಸಂಖ್ಯೆಗೆ ಒಬ್ಬರಂತೆ, ಅದೇ ಗ್ರಾಮದ ನಿವಾಸಿಯಾದ 25ರಿಂದ 45 ವರ್ಷದೊಳಗಿನ ವಿವಾಹಿತ, ವಿಧವೆ ಅಥವಾ ವಿಚ್ಛೇದಿತ ಮಹಿಳೆಯನ್ನು ಗ್ರಾಮಮಟ್ಟದಲ್ಲಿಯೇ ಆಯ್ಕೆ ಮಾಡಲಾಗುತ್ತದೆ. ಆಸಕ್ತರು ತಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.

ಮೀಸಲಾತಿ ಮತ್ತು ಪ್ರಮಾಣಪತ್ರಗಳು

ಕಾಯಂ ನೇಮಕಾತಿಯಲ್ಲಿ ಜಾತಿವಾರು ಮೀಸಲಾತಿಯ ಜೊತೆಗೆ ಸಮತಳ ಮೀಸಲಾತಿ ಇದೆ. ಮಹಿಳೆಯರಿಗೆ ಶೇ. 33, ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಮಾಜಿ ಸೈನಿಕರಿಗೆ ಶೇ. 10, ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿದವರಿಗೆ ಶೇ. 5, ಯೋಜನಾ ನಿರಾಶ್ರಿತರಿಗೆ ಶೇ. 5, ಹಾಗೂ ವಿಕಲಚೇತನರಿಗೆ ಮತ್ತು 2021ರಿಂದ ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಪ್ರಮಾಣ ನಿಗದಿಯಾಗಿದೆ.

ಗ್ರಾಮೀಣ ಮೀಸಲಾತಿಯ ಅರ್ಥ ಹಳ್ಳಿಯಲ್ಲಿ ವಾಸವಿರುವುದು ಎಂದಲ್ಲ. 1ರಿಂದ 10ನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿರಬೇಕು. ಊರು ಹಳ್ಳಿಯಾಗಿದ್ದು ಪ್ರೌಢಶಾಲೆಯನ್ನು ಚಿಂತಾಮಣಿ ಅಥವಾ ಗೌರಿಬಿದನೂರು ಪಟ್ಟಣದಲ್ಲಿ ಮುಗಿಸಿದವರು ಈ ಸೌಲಭ್ಯಕ್ಕೆ ಅರ್ಹರಾಗುವುದಿಲ್ಲ. ಇದಕ್ಕಾಗಿ ನಮೂನೆ-2ರಲ್ಲಿ ಶಾಲಾ ಮುಖ್ಯೋಪಾಧ್ಯಾಯರ ಸಹಿ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಸಾಮಾನ್ಯ ಅರ್ಹತೆಯ ಅಭ್ಯರ್ಥಿಗಳು ಇದರೊಡನೆ ಮೇಲುಸ್ತರಕ್ಕೆ ಸೇರಿಲ್ಲವೆಂಬ ನಮೂನೆ-1ರ ಪ್ರಮಾಣಪತ್ರವನ್ನೂ ಹೊಂದಿರಬೇಕು. ಮೂರು ನಾಲ್ಕು ಶಾಲೆಗಳಲ್ಲಿ ಓದಿದವರು ಪ್ರತಿ ಶಾಲೆಯಿಂದಲೂ ಸಹಿ ಪಡೆಯಬೇಕಾಗುವುದರಿಂದ, ಅಧಿಸೂಚನೆ ಬರುವವರೆಗೆ ಕಾಯದೆ ಈ ಕೆಲಸವನ್ನು ಮೊದಲೇ ಮುಗಿಸಿಡುವುದು ಸೂಕ್ತ. ಮೂವತ್ತು ದಿನಗಳ ಅರ್ಜಿ ಅವಧಿಯಲ್ಲಿ ಬೇಸಿಗೆ ರಜೆ ಬಂದರೆ ಶಾಲೆಯ ಬಾಗಿಲೇ ತೆರೆದಿರುವುದಿಲ್ಲ.

ಜಾತಿ ಪ್ರಮಾಣಪತ್ರವು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ, ಪ್ರವರ್ಗ 2ಎ, 2ಬಿ, 3ಎ, 3ಬಿಗಳಿಗೆ ನಮೂನೆ-ಎಫ್‌ನಲ್ಲಿ ಇರತಕ್ಕದ್ದು. ನಮೂನೆ-ಎಫ್ ಐದು ವರ್ಷ ಮಾತ್ರ ಊರ್ಜಿತ. ಅರ್ಜಿಯ ಕೊನೆಯ ದಿನಾಂಕದಂದು ಅದರ ಅವಧಿ ಮುಗಿದಿದ್ದರೆ ಅಭ್ಯರ್ಥಿಯನ್ನು ಸಾಮಾನ್ಯ ಅರ್ಹತೆಯಡಿ ಪರಿಗಣಿಸುವ ಸಂಭವವಿದೆ. ಅರ್ಜಿಯನ್ನು ನಾಡಕಚೇರಿಯಲ್ಲಿ ಸಲ್ಲಿಸಬಹುದು. ಸಕಾಲ ಸೇವೆಗಳ ಅಧಿನಿಯಮದಂತೆ ಇದಕ್ಕೆ ಕಾಲಮಿತಿ ಇದ್ದು, ಸ್ವೀಕೃತಿಯಲ್ಲಿರುವ ಸಕಾಲ ಸಂಖ್ಯೆಯನ್ನು ಜೋಪಾನವಾಗಿಡಬೇಕು. ಆಯ್ಕೆಯಾದ ನಂತರ ಜಾತಿಯ ಸಿಂಧುತ್ವ ಪ್ರಮಾಣಪತ್ರವನ್ನೂ ಕೇಳಲಾಗುತ್ತದೆ.

2007ಕ್ಕಿಂತ ಮೊದಲು ಶಾಲೆ ಮುಗಿಸಿದವರ ದಾಖಲೆಗಳಲ್ಲಿ ‘ಕೋಲಾರ ಜಿಲ್ಲೆ’ ಎಂದಿರುವುದು ಸಹಜವೇ ಆಗಿದೆ; ಆತಂಕಕ್ಕೆ ಕಾರಣವಿಲ್ಲ. ಆದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ಮತ್ತು ಪರಿಷತ್ತಿನ ನೋಂದಣಿಯಲ್ಲಿ ಹೆಸರು, ಇನಿಷಿಯಲ್ ಅಥವಾ ಜನ್ಮದಿನಾಂಕ ಬೇರೆ ಬೇರೆಯಾಗಿದ್ದರೆ ಮುಂಚಿತವಾಗಿ ತಿದ್ದಿಸಿಕೊಳ್ಳತಕ್ಕದ್ದು. ಮದುವೆಯ ನಂತರ ಹೆಸರು ಬದಲಿಸಿಕೊಂಡ ಮಹಿಳಾ ಅಭ್ಯರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಪರಿಷತ್ತಿನ ನೋಂದಣಿ ಮತ್ತು ಗಡಿ ಭಾಗದ ಅಭ್ಯರ್ಥಿಗಳು

ಗೌರಿಬಿದನೂರು, ಚಿಂತಾಮಣಿ ಭಾಗದ ಕೆಲವರು ಸಮೀಪದ ಆಂಧ್ರಪ್ರದೇಶದ ಕಾಲೇಜುಗಳಲ್ಲಿ ನರ್ಸಿಂಗ್ ಅಥವಾ ಫಾರ್ಮಸಿ ಓದಿರುತ್ತಾರೆ. ಅವರ ವಿದ್ಯಾರ್ಹತೆ ಮಾನ್ಯವಾಗಿದ್ದರೂ ನೋಂದಣಿ ಆ ರಾಜ್ಯದ ಪರಿಷತ್ತಿನಲ್ಲಿರುತ್ತದೆ. ಕರ್ನಾಟಕದ ಹುದ್ದೆಗೆ ಇಲ್ಲಿಯ ಪರಿಷತ್ತಿನ ನೋಂದಣಿ ಕೇಳಿದ್ದಲ್ಲಿ, ಮೂಲ ಪರಿಷತ್ತಿನಿಂದ ನಿರಾಕ್ಷೇಪಣಾ ಪತ್ರ ಪಡೆದು ನೋಂದಣಿಯನ್ನು ವರ್ಗಾಯಿಸಿಕೊಳ್ಳಬೇಕು. ಎರಡು ರಾಜ್ಯಗಳ ಕಚೇರಿಗಳ ನಡುವಿನ ಈ ವ್ಯವಹಾರ ಒಂದು ವಾರದಲ್ಲಿ ಮುಗಿಯುವಂಥದಲ್ಲ. ಕೊನೆಯ ದಿನಾಂಕದ ನಂತರ ಪಡೆದ ನೋಂದಣಿಯನ್ನು, ಅದು ಒಂದೇ ದಿನ ತಡವಾಗಿದ್ದರೂ, ಪರಿಗಣಿಸದಿರುವ ಸಂಭವವೇ ಹೆಚ್ಚು. ಅವಧಿಗೊಮ್ಮೆ ನವೀಕರಿಸಬೇಕಾದ ನೋಂದಣಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ತೆಲುಗು ಅಥವಾ ಉರ್ದು ಮಾಧ್ಯಮದಲ್ಲಿ ಓದಿದವರೂ ಹುದ್ದೆಗಳಿಗೆ ಅರ್ಹರು. ಆದರೆ ಅಧಿಸೂಚನೆಯಲ್ಲಿ ಕಡ್ಡಾಯ ಕನ್ನಡ ಭಾಷಾ ಪರೀಕ್ಷೆ ನಿಗದಿಪಡಿಸಿದ್ದಲ್ಲಿ ಅದರಲ್ಲಿ ತೇರ್ಗಡೆಯಾಗಲೇಬೇಕು. ಈ ಪರೀಕ್ಷೆಯ ಅಂಕಗಳು ಶ್ರೇಯಾಂಕಕ್ಕೆ ಸೇರುವುದಿಲ್ಲ. ತೇರ್ಗಡೆಯಾಗದವರ ಉಳಿದ ಅಂಕಗಳು ಗಣನೆಗೆ ಬರುವುದಿಲ್ಲ.

ಹಣದ ಬೇಡಿಕೆ ಮತ್ತು ವಂಚನೆ

ಅಧಿಸೂಚನೆಯಲ್ಲಿ ತಿಳಿಸಿದ ಅರ್ಜಿ ಶುಲ್ಕದ ಹೊರತು ಯಾವುದೇ ಹುದ್ದೆಗೆ ಯಾರಿಗೂ ಹಣ ಕೊಡುವ ಅವಶ್ಯಕತೆ ಇಲ್ಲ. ಗುತ್ತಿಗೆ ಮತ್ತು ಹೊರಗುತ್ತಿಗೆ ಹುದ್ದೆಗಳಿಗೂ ಇದು ಅನ್ವಯಿಸುತ್ತದೆ. ವಂಚಕರು ಹೆಚ್ಚಾಗಿ ಬಳಸುವ ದಾರಿ ಇಂತಿದೆ: ಹತ್ತು ಅಭ್ಯರ್ಥಿಗಳಿಂದ ಹಣ ಪಡೆಯುವುದು, ಅವರಲ್ಲಿ ತಮ್ಮ ಅಂಕಗಳ ಬಲದಿಂದಲೇ ಆಯ್ಕೆಯಾದ ಇಬ್ಬರನ್ನು ತೋರಿಸಿ ಹೆಸರು ಗಳಿಸುವುದು, ಉಳಿದ ಎಂಟು ಮಂದಿಗೆ ‘ಮುಂದಿನ ಪಟ್ಟಿ’ಯ ಆಸೆ ತೋರಿಸುವುದು. ಗುತ್ತಿಗೆ ಹುದ್ದೆಯನ್ನು ‘ಆರು ತಿಂಗಳಲ್ಲಿ ಪರ್ಮನೆಂಟ್’ ಎಂದು ನಂಬಿಸಿ ಮಾರುವುದು ಇನ್ನೊಂದು ದಾರಿ. ನೇಮಕಾತಿ ಆದೇಶದಂತೆ ಕಾಣುವ ಪತ್ರ ಯಾರಾದರೂ ಕೈಗೆ ಕೊಟ್ಟರೆ, ಅದರ ಸಂಖ್ಯೆ ಮತ್ತು ದಿನಾಂಕವನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ತಾಳೆ ನೋಡಿಸುವುದು ಮೊದಲ ಕೆಲಸ. ಹಣ ಕೇಳಿದವರು ಸರ್ಕಾರಿ ನೌಕರರಾಗಿದ್ದರೆ ಲೋಕಾಯುಕ್ತಕ್ಕೂ ಇತರರಾಗಿದ್ದರೆ ಪೊಲೀಸ್ ಠಾಣೆಗೂ ದೂರು ಸಲ್ಲಿಸಬಹುದು. ನೇಮಕಾತಿ ಪರೀಕ್ಷೆಗಳಲ್ಲಿ ಅಕ್ರಮವೆಸಗುವವರಿಗೆ 2023ರ ರಾಜ್ಯದ ಕಾನೂನಿನಡಿ ಸೆರೆವಾಸ ಮತ್ತು ಭಾರೀ ದಂಡ ವಿಧಿಸಲು ಅವಕಾಶವಿದೆ. ಅಕ್ರಮದ ಲಾಭ ಪಡೆದ ಅಭ್ಯರ್ಥಿಯೂ ಅದರಿಂದ ಹೊರತಲ್ಲ.

ಆಯ್ಕೆಯ ನಂತರ ಆಕ್ಷೇಪಣೆ ಮತ್ತು ಮಾಹಿತಿ

ತಾತ್ಕಾಲಿಕ ಆಯ್ಕೆಪಟ್ಟಿ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ನಿರ್ದಿಷ್ಟ ದಿನಗಳ ಅವಕಾಶ ನೀಡಲಾಗುತ್ತದೆ. ಅಂಕ ಅಥವಾ ಮೀಸಲಾತಿಯ ನಮೂದಿನಲ್ಲಿ ವ್ಯತ್ಯಾಸ ಕಂಡಲ್ಲಿ ಆ ಅವಧಿಯೊಳಗೆ ಲಿಖಿತವಾಗಿ, ದಾಖಲೆಗಳ ಸಹಿತ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ದೂರವಾಣಿಯಲ್ಲಿ ಹೇಳಿದ ಆಕ್ಷೇಪಣೆಗೆ ದಾಖಲೆ ಇರುವುದಿಲ್ಲ.

ಆಯ್ಕೆಯ ವಿಧಾನ, ಅಂಕಗಳು ಮತ್ತು ರೋಸ್ಟರ್ ಕುರಿತು ಮಾಹಿತಿ ಬಯಸುವವರು ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂ. ಶುಲ್ಕದೊಡನೆ ಸಂಬಂಧಿಸಿದ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ವಿನಾಯಿತಿ ಇದೆ. 30 ದಿನಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಮುಂದಿನ 30 ದಿನಗಳಲ್ಲಿ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಕ್ಕೆ, ಆನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದಾಗಿದೆ. ಕಾಯಂ ಹುದ್ದೆಯ ಅರ್ಜಿಯನ್ನು ಅಧಿಸೂಚನೆ ಹೊರಡಿಸಿದ ಪ್ರಾಧಿಕಾರಕ್ಕೂ, ಜಿಲ್ಲಾಮಟ್ಟದ ಗುತ್ತಿಗೆ ಹುದ್ದೆಯ ಅರ್ಜಿಯನ್ನು ಚಿಕ್ಕಬಳ್ಳಾಪುರದ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿಗೂ ಸಲ್ಲಿಸತಕ್ಕದ್ದು.